ಗಿರಿಯಾತ್ರೆಯೂ ನಮ್ಮ ತರುಣರೂ

ಮಳೆಗಾಲವು ಹಿಂದೆಗೆದು ಮಲೆನಾಡಿನ ಕಾಲುದಾರಿಗಳು ಒಣಗತೊಡಗಿದೊಡನೆಯೇ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮೊದಲಾದ ಪಟ್ಟಣಗಳ ತರುಣರು ಬೆನ್ನಿಗೆ ಚೀಲವನ್ನೇರಿಸಿಕೊಂಡು ಶುಕ್ರವಾರದ ರಾತ್ರಿಯ ಬಸ್ಸಿಗೆ ಮುಗಿಬೀಳುವುದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿಯಾಗಿದೆ. ವಾರವಿಡೀ ಕುರ್ಚಿಗೆ ಅಂಟಿ ಕುಳಿತು ಯಂತ್ರದ ಪರದೆಯನ್ನೇ ದಿಟ್ಟಿಸುವ ಜನ ಎರಡು ದಿನದ ಮಟ್ಟಿಗಾದರೂ ತಮ್ಮ ಕಾಲುಗಳನ್ನು ನಂಬಿ ನಡೆಯಲು ಮನಸ್ಸುಮಾಡಿರುವುದು ಸಂತೋಷದ ವಿಷಯವೇ ಸರಿ. ಹಣ ಕೊಟ್ಟು ಆಲಸ್ಯವನ್ನು ಕೊಳ್ಳುವ ವಿನೋದಗಳು ಪೇಟೆಯಲ್ಲಿ ಬೇಕಾದಷ್ಟಿರುವಾಗ, ಹಣ ಕೊಟ್ಟು ಬೆವರನ್ನು ಕೊಳ್ಳುವವರನ್ನು ನಿಂದಿಸುವ ಮನಸ್ಸು ನಮಗಿಲ್ಲ.

ಆದರೆ 2024ನೆಯ ಇಸವಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಂಡ ನೋಟವು ಬೇರೆಯ ಮಾತನ್ನು ಹೇಳಿತು. ಒಬ್ಬರ ಹಿಂದೆ ಒಬ್ಬರು ಹೋಗಬೇಕಾದ ಇಕ್ಕಟ್ಟಿನ ದಾರಿಯಲ್ಲಿ ಸಾವಿರಾರು ಮಂದಿ ಜಾತ್ರೆಯ ನೂಕುನುಗ್ಗಲಿನಂತೆ ಸೇರಿದ ಆ ಚಿತ್ರಗಳನ್ನು ನಾಡೆಲ್ಲ ನೋಡಿತು. ಸರ್ಕಾರದವರು ಎಚ್ಚೆತ್ತು, ಜಾಲತಾಣದ ಮೂಲಕ ಮುಂಗಡ ಅನುಮತಿ ಕೊಡುವ ಏರ್ಪಾಡಿಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಜಾಲತಾಣವೊಂದನ್ನು ತೆರೆದು, ಒಂದು ದಾರಿಯಲ್ಲಿ ದಿನಕ್ಕೆ 300 ಮಂದಿಗಿಂತ ಹೆಚ್ಚಿಗೆ ಬಿಡಕೂಡದೆಂದು ಕಟ್ಟುಮಾಡಿದರು. ಈ ಕಟ್ಟಿನ ವಿಷಯದಲ್ಲಿ ಗೊಣಗಿದವರುಂಟು. ನಾವು ಗೊಣಗುವವರಲ್ಲ. ಅದು ನ್ಯಾಯವಾದದ್ದು, ತಡವಾಗಿಯಾದರೂ ಬಂದದ್ದು. ಆದರೆ ಮುನ್ನೂರು ಜನರನ್ನು ಎಣಿಸಿ ಬಿಡುವುದಕ್ಕೂ, ಆ ಮುನ್ನೂರು ಜನರಲ್ಲಿ ಬೆಟ್ಟವೆಂದರೇನೆಂದು ಬಲ್ಲವರು ಎಷ್ಟು ಮಂದಿ ಎಂದು ವಿಚಾರಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯ ಕೆಲಸವನ್ನು ಯಂತ್ರವು ಮಾಡಬಲ್ಲುದು. ಎರಡನೆಯದು ನಡೆಯುವವರಿಂದಲೂ, ನಡೆಸುವವರಿಂದಲೂ, ಅಧಿಕಾರಿಗಳಿಂದಲೂ ಆಗಬೇಕಾದದ್ದು. ಅದು ಇನ್ನೂ ಆಗಿಲ್ಲ.

ಚಾರಣವೆಂಬ ಈ ಮಾತಿನ ವಿಷಯವಾಗಿ ಒಂದು ಮಾತು. ಪಾಠಶಾಲೆಯಲ್ಲಿ ಅಮರಕೋಶವನ್ನು ಗಟ್ಟಿಮಾಡಿದ ನಮ್ಮಂಥವರಿಗೆ ಚಾರಣನೆಂದರೆ ಊರೂರು ತಿರುಗಿ ಅರಸರ ಕೀರ್ತಿಯನ್ನು ಹಾಡುವ ವಂದಿ. ಅದು ಬೆಟ್ಟ ಹತ್ತುವುದಕ್ಕೆ ಹೆಸರಾದಾಗ ಮೊದಮೊದಲು ಕಿವಿಗೆ ಒರಟಾಗಿ ಕೇಳಿಸಿತು. ಈಗ ಯೋಚಿಸಿದರೆ ಅದು ಅಷ್ಟೇನೂ ತಪ್ಪಲ್ಲವೆಂದು ತೋರುತ್ತದೆ. ಹಿಂದಿನ ಚಾರಣರು ಅರಸರನ್ನು ಹೊಗಳುತ್ತಿದ್ದರು. ಇಂದಿನವರಲ್ಲಿ ಕೆಲವರು ಶಿಖರದ ತುದಿಯಲ್ಲಿ ನಿಂತು ತಮ್ಮ ಭಾವಚಿತ್ರವನ್ನು ತಾವೇ ತೆಗೆದು ತಮ್ಮನ್ನೇ ಹೊಗಳಿಕೊಳ್ಳುತ್ತಾರೆ. ವೃತ್ತಿ ಒಂದೇ, ಒಡೆಯ ಮಾತ್ರ ಬದಲಾಗಿದ್ದಾನೆ.

ಇರಲಿ. ಬೆಟ್ಟ ಹತ್ತುವುದು ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಭಕ್ತರು ಯುಗಾದಿಯ ಸಮಯಕ್ಕೆ ಕಂಬಿಯನ್ನು ಹೊತ್ತು ಶ್ರೀಶೈಲಕ್ಕೆ ನಡೆದುಹೋಗುವರು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಚಾರ್ಮಾಡಿಯ ಘಾಟಿಯನ್ನು ಕಾಲ್ನಡಿಗೆಯಿಂದ ಇಳಿದುಹೋಗುವವರ ಸಾಲನ್ನು ಪ್ರತಿವರ್ಷವೂ ಕಾಣಬಹುದು. ಚಿಕ್ಕಮಗಳೂರಿನ ಬಳಿಯ ದೇವೀರಮ್ಮನ ಬೆಟ್ಟವನ್ನು ನರಕಚತುರ್ದಶಿಯಂದು ಹೆಂಗಸರು ಮಕ್ಕಳಾದಿಯಾಗಿ ಹತ್ತುತ್ತಾರೆ. ಈ ಯಾತ್ರಿಕರಿಗೆ ಯಾವ ಕೈಪಿಡಿಯೂ ಇರಲಿಲ್ಲ. ಆದರೆ ಗುಂಪಿನಲ್ಲಿ ಹಿಂದೆ ಹತ್ತು ಸಲ ಹೋಗಿಬಂದ ಹಿರಿಯನೊಬ್ಬನಿರುತ್ತಿದ್ದ. ಎಲ್ಲಿ ನೀರು ಕುಡಿಯಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಇಳಿದುಕೊಳ್ಳಬೇಕು ಎಂಬುದು ಅವನ ಮಾತಿನಂತೆ ನಡೆಯುತ್ತಿತ್ತು. ಇಂದಿನ ಗುಂಪಿನಲ್ಲಿ ಆ ಹಿರಿಯನಿಲ್ಲ. ಅವನ ಸ್ಥಾನದಲ್ಲಿ ಇಪ್ಪತ್ತೆರಡು ವರ್ಷದ, ತಾನೇ ಎರಡು ಸಲ ಆ ದಾರಿಯನ್ನು ನೋಡಿದ ಹುಡುಗನೊಬ್ಬನನ್ನು ಕೂಲಿಗೆ ಗೊತ್ತುಮಾಡಿ, ನಲವತ್ತು ಜನರನ್ನು ಅವನ ಕೈಗೊಪ್ಪಿಸಿ, ಅದಕ್ಕೆ ಸಾಹಸಯಾತ್ರೆಯೆಂದು ಹೆಸರಿಟ್ಟು ಹಣ ವಸೂಲು ಮಾಡುವ ವ್ಯಾಪಾರವು ಬೆಳೆದಿದೆ.

ಅದರ ಪರಿಣಾಮ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2018ರ ಮಾರ್ಚಿಯಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ, ಹುಲ್ಲು ಒಣಗಿ ಬೂದಿಯಾಗುವ ಕಾಲದಲ್ಲಿ ಬೆಟ್ಟದ ಮೇಲಿದ್ದ ತಂಡವೊಂದು ಕಾಡುಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಒಬ್ಬನೇ ಹೋಗಿ ಜಾರಿಬಿದ್ದು ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ ತರುಣನನ್ನು ವಾಯುಸೇನೆಯ ಹೆಲಿಕಾಪ್ಟರು ಬಂದು ಎತ್ತಬೇಕಾಯಿತು. ಬೆಂಗಳೂರಿನವರು ಬೆಳಗಿನ ಕಾಫಿಗೆಂದು ಹೋಗಿಬರುವ ಬೆಟ್ಟವದು! 2024ರ ಜೂನ್ ಮೊದಲ ವಾರದಲ್ಲಂತೂ, ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ, 14,000 ಅಡಿಗಳಿಗೂ ಮೇಲೆ, ಕರ್ನಾಟಕದ 22 ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿ 9 ಮಂದಿ ಮಡಿದರು. ಅವರಲ್ಲಿ ಅನೇಕ ವರ್ಷಗಳಿಂದ ಬೆಟ್ಟ ಹತ್ತಿ ಪಳಗಿದವರೂ ಇದ್ದರೆಂಬುದನ್ನು ಮರೆಯಕೂಡದು. ಪಳಗಿದವರಿಗೇ ಹೀಗಾದಲ್ಲಿ ಹೊಸಬರ ಪಾಡೇನು?

ಆದಕಾರಣ ಹೊಸಬರಾಗಿ ಹೊರಡುವ ತರುಣ ತರುಣಿಯರಿಗೆ ನಾಲ್ಕು ಮಾತು ಹೇಳುವುದು ಅಗತ್ಯ. ಈ ಲೇಖಕನು ಸಾಹಸಿಗನಲ್ಲ. ಆದರೆ ಕೊಡಚಾದ್ರಿ, ತಡಿಯಂಡಮೋಳು, ಕುದುರೆಮುಖ, ಕುಮಾರಪರ್ವತಗಳನ್ನು ತನ್ನ ಕಾಲುಗಳಿಂದಲೇ ಅಳೆದವನು.

ಪ್ರಾರಂಭವು ಚಿಕ್ಕದಾಗಿರಬೇಕು. ಅಂಗಡಿಗೆ ಹೋಗಲು ಮೋಟಾರು ಸೈಕಲ್ಲನ್ನು ಹುಡುಕುವವನು ನೇರವಾಗಿ ಕುಮಾರಪರ್ವತಕ್ಕೆ ಹೋಗತಕ್ಕದ್ದಲ್ಲ. ಎರಡು ತಿಂಗಳ ಕಾಲ ದಿನಕ್ಕೆ ಒಂದು ಗಂಟೆ ಬಿರುಸಾಗಿ ನಡೆದು, ಮನೆಯ ಅಥವಾ ಕಚೇರಿಯ ಮೆಟ್ಟಲುಗಳನ್ನು ಹತ್ತಿಳಿದು, ಆ ಮೇಲೆ ಶಿವಗಂಗೆಯಂಥ ಹತ್ತಿರದ ಬೆಟ್ಟವೊಂದನ್ನು ಚೀಲದ ಸಮೇತ ಹತ್ತಿ ನೋಡಬೇಕು. ಮಾರನೆಯ ದಿನ ಮೀನಖಂಡಗಳು ಏನು ಹೇಳುತ್ತವೆಯೋ ಅದೇ ಪ್ರಾಮಾಣಿಕವಾದ ವೈದ್ಯವರದಿ. ಶಿಖರದ ಎತ್ತರವನ್ನು ನೋಡಿ ಮೋಸಹೋಗಕೂಡದು. ಮುಳ್ಳಯ್ಯನಗಿರಿ ನಮ್ಮ ನಾಡಿನ ಅತ್ಯುನ್ನತ ಶಿಖರ. ಸುಮಾರು 6,300 ಅಡಿ. ಆದರೆ ಮೋಟಾರು ರಸ್ತೆಯು ತುದಿಯ ಸಮೀಪದ ಮೆಟ್ಟಲುಗಳ ಬುಡದವರೆಗೂ ಹೋಗುವುದರಿಂದ ಅಜ್ಜಿಯರೂ ಹತ್ತಿ ಬರುತ್ತಾರೆ. ಕುಮಾರಪರ್ವತವು ಅದಕ್ಕಿಂತ ಏಳುನೂರು ಅಡಿ ತಗ್ಗು. ಆದರೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವನು ಕಾಲಿನಿಂದಲೇ ಐದು ಸಾವಿರ ಅಡಿಗಳಷ್ಟು ಏರಬೇಕು. ಎಲ್ಲಿಗೆ ಏರುತ್ತೇವೆಂಬುದಲ್ಲ, ಎಲ್ಲಿಂದ ಏರುತ್ತೇವೆಂಬುದು ಮುಖ್ಯ.

ಸಮಯದ ಲೆಕ್ಕಕ್ಕೆ ಒಂದು ಹಳೆಯ ಸೂತ್ರವುಂಟು. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತನು 1892ರಲ್ಲಿ ಹೇಳಿದ್ದು: ನಕ್ಷೆಯ ಮೇಲಿನ ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿಗಳ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಇದನ್ನು ಹಚ್ಚಿ ನೋಡೋಣ. ದಾರಿ ಒಂದು ಬದಿಗೆ ಹನ್ನೆರಡು ಕಿಲೋಮೀಟರಿಗೆ ಕಡಮೆಯಿಲ್ಲ. ಅದಕ್ಕೆ ಎರಡೂವರೆ ಗಂಟೆ. ಏರಿಗೆ ಎರಡೂವರೆ ಗಂಟೆ. ಒಟ್ಟು ಐದು. ಇದು ಗಟ್ಟಿಮುಟ್ಟಾದ, ನಿಲ್ಲದೆ ನಡೆಯುವ, ತಣ್ಣನೆಯ ದೇಶದ ಮನುಷ್ಯನ ಲೆಕ್ಕ. ನಮ್ಮ ಬಿಸಿಲಿನಲ್ಲಿ ಹೊರೆ ಹೊತ್ತು, ನಡುನಡುವೆ ಕುಳಿತು, ಚಿತ್ರ ತೆಗೆದು, ಅವಲಕ್ಕಿ ತಿಂದು ಹೋಗುವ ಪಟ್ಟಣಿಗನು ಅದಕ್ಕೆ ಅರ್ಧವನ್ನಾದರೂ ಸೇರಿಸಿಕೊಳ್ಳತಕ್ಕದ್ದು. ಏರುವುದಕ್ಕೇ ಏಳೂವರೆ ಗಂಟೆಯಾಯಿತು. ಬೆಳಗ್ಗೆ ಹತ್ತು ಗಂಟೆಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಟವನು ಕತ್ತಲಾಗುವ ಹೊತ್ತಿಗೆ ಎಲ್ಲಿರುವನೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು. ಹೊರಡುವ ಮೊದಲೇ ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿ, ಆ ಗಂಟೆ ಬಂದಾಗ ಶಿಖರವು ಕಣ್ಣಿನ ಮುಂದೆಯೇ ಇದ್ದರೂ ತಿರುಗಿ ನಡೆಯತಕ್ಕದ್ದು. ಇದನ್ನು ಹೇಳುವುದು ಸುಲಭ. ಇನ್ನೂರು ಅಡಿ ಉಳಿದಿರುವಾಗ ಮಾಡುವುದು ಕಷ್ಟ. ಈ ಕಷ್ಟವನ್ನು ಮಾಡಬಲ್ಲವನನ್ನೇ ಗುಂಪಿನ ನಾಯಕನನ್ನಾಗಿ ಆರಿಸಬೇಕಲ್ಲದೆ, ಎಲ್ಲರಿಗಿಂತ ಮುಂದೆ ಓಡುವವನನ್ನಲ್ಲ. ನಡಿಗೆಯ ವೇಗವು ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ವೇಗ. ಅವರನ್ನು ಹಿಂದೆ ಬಿಟ್ಟು ಹೋಗುವ ಗುಂಪು ಗುಂಪೇ ಅಲ್ಲ.

ಪಾದರಕ್ಷೆಯ ವಿಷಯದಲ್ಲಿ ಜನರು ಹಣವನ್ನು ಸುರಿಯುತ್ತಾರೆ, ವಿಚಾರವನ್ನಲ್ಲ. ಕೆಲವು ವರ್ಷಗಳ ಹಿಂದೆ ಕುದುರೆಮುಖದ ದಾರಿಯಲ್ಲಿ ನಮ್ಮೊಡನೆ ಬಂದಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ಎಂಟು ಸಾವಿರ ರೂಪಾಯಿಯ ಬೂಟನ್ನು ಹಿಂದಿನ ದಿನ ಸಂಜೆ ಕೊಂಡು ತಂದಿದ್ದರು. ಎರಡನೆಯ ಹಳ್ಳ ದಾಟುವಷ್ಟರಲ್ಲಿ ಎರಡು ಹಿಮ್ಮಡಿಗಳಲ್ಲಿಯೂ ರೂಪಾಯಿಯಗಲದ ಬೊಬ್ಬೆ ಎದ್ದಿತು. ದಾರಿ ತೋರಿಸಲು ಬಂದಿದ್ದ ಮಲೆಕುಡಿಯರ ಹುಡುಗನು ನಾನೂರು ರೂಪಾಯಿಯ ರಬ್ಬರು ಬೂಟಿನಲ್ಲಿ ಆಡಿನಂತೆ ಮುಂದೆ ಹಾರುತ್ತಿದ್ದನು. ಗುಮಾಸ್ತರು ಬೂಟನ್ನೂ ಅವನ ಕಾಲನ್ನೂ ಬಾರಿಬಾರಿಗೆ ನೋಡುತ್ತಿದ್ದ ನೋಟವು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬೂಟು ಯಾವುದಾದರೂ ಆಗಲಿ, ಅಡಿ ಹಿಡಿತವುಳ್ಳದ್ದಾಗಿರಬೇಕು, ಹಿಂದೆ ಒಂದು ತಿಂಗಳಾದರೂ ಮೆಟ್ಟಿ ಪಳಗಿಸಿದ್ದಾಗಿರಬೇಕು. ಬೆರಳುಗಳ ಮುಂದೆ ಸ್ವಲ್ಪ ಸ್ಥಳವಿರಬೇಕು. ಇಳಿಯುವಾಗ ಉಗುರು ಒತ್ತಿ ಕಪ್ಪಾಗುವುದು ಆಗ ತಪ್ಪುತ್ತದೆ. ಮೊಳಕಾಲು ನೋವೂ, ಜಾರಿ ಬೀಳುವುದೂ ಹೆಚ್ಚಾಗಿ ಇಳಿಜಾರಿನಲ್ಲಿಯೇ. ಒಂದು ಊರುಗೋಲಿದ್ದರೆ ಸ್ವಲ್ಪ ಭಾರ ಅದರ ಮೇಲೆ ಹೋಗುತ್ತದೆ.

ಹೊರೆಯು ದೇಹದ ತೂಕದ ಐದರಲ್ಲೊಂದು ಭಾಗವನ್ನು ಮೀರಕೂಡದು. ಅರುವತ್ತು ಕಿಲೋ ತೂಗುವವನಿಗೆ ಹನ್ನೆರಡು ಕಿಲೋ ಮೇಲ್ಮಿತಿ. ಎರಡು ದಿನದ ಯಾತ್ರೆಗೆ ಎಂಟೊಂಬತ್ತು ಕಿಲೋ ಸಾಕು. ಅದರಲ್ಲಿ ಮೂರು ಕಿಲೋ ನೀರೇ ಆಗಿರತಕ್ಕದ್ದು. ನೀರಿನಲ್ಲಿ ಜಿಪುಣತನ ಮಾಡಿ ಬಟ್ಟೆಯಲ್ಲಿ ಔದಾರ್ಯ ತೋರಿಸುವವರೇ ಬಹಳ. ಬೆವರು ಹರಿದು ಸೋತವನಿಗೆ ಬರಿಯ ನೀರಿಗಿಂತ, ಒಂದು ಲೀಟರು ಶುದ್ಧವಾದ ನೀರಿಗೆ ಮಟ್ಟವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರಸಿದ ಪಾನಕವು ಹಿತಕರ. ತಿನ್ನಲು ಹುರಿಹಿಟ್ಟು, ಕಡಲೆಬೆಲ್ಲ, ಚಕ್ಕುಲಿಗಳಿಗಿಂತ ಉತ್ತಮವಾದ ಪದಾರ್ಥವನ್ನು ಯಾವ ಕಂಪೆನಿಯೂ ಈವರೆಗೆ ಮಾಡಿದಂತಿಲ್ಲ.

ಹತ್ತಿಬಟ್ಟೆಯ ವಿಷಯದಲ್ಲಿ ಮಾತ್ರ ನಾವು ಎದೆಗಟ್ಟಿಮಾಡಿಕೊಂಡು ಒಂದು ಮಾತು ಹೇಳಬೇಕಾಗಿದೆ. ಬಯಲುಸೀಮೆಯ ಸೆಕೆಗೆ ಅದಕ್ಕೆ ಸಮಾನವಿಲ್ಲ. ಆದರೆ ಮಳೆ ಗಾಳಿಗಳ ಬೆಟ್ಟದ ಮೇಲೆ ಅದು ಶತ್ರು. ಒದ್ದೆಯಾದ ಹತ್ತಿಯು ನೀರನ್ನು ಹಿಡಿದುಕೊಂಡು ಮೈಯ ಶಾಖವನ್ನು ಹೀರಿಬಿಡುತ್ತದೆ. ಹಿಮ ಬೀಳದೆ ಇದ್ದರೂ, ನೆನೆದ ಬಟ್ಟೆ, ಬೀಸುವ ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ಮನುಷ್ಯನು ನಡುಗಿ, ತೊದಲಿ, ಮಂಕುಹಿಡಿದು ಕುಸಿಯಬಲ್ಲನು. ಉಣ್ಣೆಯು ನೆನೆದರೂ ಬೆಚ್ಚಗಿರುತ್ತದೆಂಬುದನ್ನು ಕುರುಬರ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆ ನೆಟ್ಟ ನಮ್ಮ ಮಲೆನಾಡಿಗರು ಅರಿತಿದ್ದರು. ಕಂಬಳಿ ಭಾರವೆಂದಾದರೆ ಉಣ್ಣೆಯದೊಂದು ಅಂಗಿ, ಗಾಳಿ ನುಗ್ಗದ ಮಳೆಕೋಟು, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಬಟ್ಟೆಯ ಒಂದು ಜೊತೆ ಇರಲೇಬೇಕು. ಆ ಜೊತೆಯನ್ನು ರಾತ್ರಿಯ ಹೊರತು ಮುಟ್ಟಕೂಡದು. ಹಣೆಗೆ ಕಟ್ಟುವ ದೀಪವೂ ಒಂದು ಇರಲಿ. ಕೈಯಲ್ಲಿನ ಫೋನಿನ ಬೆಳಕನ್ನು ನಂಬಿ ಹೊರಟವನು ಕತ್ತಲಲ್ಲಿ ಬೆಳಕನ್ನೂ ಕಳೆದುಕೊಳ್ಳುತ್ತಾನೆ, ಫೋನನ್ನೂ ಕಳೆದುಕೊಳ್ಳುತ್ತಾನೆ.

ಪಟ್ಟಣಿಗರು ಹುಲಿ ಆನೆಗಳನ್ನು ಕುರಿತು ಬಹಳ ವಿಚಾರಿಸುತ್ತಾರೆ. ಉಂಬಳವನ್ನು ಕಂಡು ಕಿರಿಚುತ್ತಾರೆ. ನಿಜವಾಗಿ ಅಂಜಬೇಕಾದ ಉಣ್ಣೆಹುಳುವಿನ ಸುದ್ದಿಯನ್ನೇ ಎತ್ತುವುದಿಲ್ಲ. ಉಂಬಳದಿಂದ ಪ್ರಾಣಾಪಾಯವಿಲ್ಲ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದ ಕಾರಣ ಸ್ವಲ್ಪ ಹೊತ್ತು ಹರಿಯುತ್ತದೆ, ಅಷ್ಟೆ. ಸುಣ್ಣ ಹೊಗೆಸೊಪ್ಪುಗಳ ಉಪಚಾರವನ್ನು ಮಲೆನಾಡಿನ ಪ್ರತಿಯೊಬ್ಬ ಕೂಲಿಯವನೂ ಬಲ್ಲ. ಉಣ್ಣೆಯಾದರೋ ಮಂಗನ ಕಾಯಿಲೆಯನ್ನು ತರಬಲ್ಲುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವು ಚಳಿಗಾಲದಿಂದ ಬೇಸಗೆಯವರೆಗೆ, ಎಂದರೆ ಚಾರಣಕ್ಕೆ ಪ್ರಶಸ್ತವೆನ್ನುವ ಕಾಲದಲ್ಲಿಯೇ, ಕಾಣಿಸಿಕೊಳ್ಳುವುದು. ಮಂಗ ಸತ್ತು ಬಿದ್ದ ಸುದ್ದಿಯಿರುವ ಕಾಡಿಗೆ ಹೋಗಕೂಡದು. ಮೈ ತುಂಬ ಬಟ್ಟೆ ತೊಟ್ಟು, ಸಂಜೆ ಮೈಯೆಲ್ಲವನ್ನೂ ಪರೀಕ್ಷಿಸಿಕೊಳ್ಳಬೇಕು. ಹಿಂದಿರುಗಿದ ವಾರ ಹತ್ತು ದಿನಗಳೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆನೆಂಬ ಮಾತನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಉಂಗುರ ಬಳೆಗಳನ್ನು ತೆಗೆದು, ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ ಹೊತ್ತೊಯ್ಯುವುದೊಂದೇ ದಾರಿ. ಆ ಆಸ್ಪತ್ರೆ ಯಾವ ಊರಿನಲ್ಲಿದೆ ಎಂಬುದನ್ನು ಕಚ್ಚುವುದಕ್ಕೆ ಮೊದಲೇ ವಿಚಾರಿಸಿಟ್ಟುಕೊಂಡಿರಬೇಕು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಬೋಳುಶಿಖರದ ಮೇಲೆ ನಿಂತವನನ್ನು ಸಿಡಿಲು ಮೊದಲು ಹುಡುಕುತ್ತದೆ.

ಹಿಮಾಲಯದ ಮಾತು ಬೇರೆಯೇ. ನಮ್ಮ ನಾಡಿನ ಯಾವ ಶಿಖರವೂ 6,500 ಅಡಿಗಳನ್ನು ಮುಟ್ಟುವುದಿಲ್ಲ. ಎತ್ತರದ ತೆಳುಗಾಳಿಯಿಂದ ಬರುವ ತಲೆನೋವು, ಓಕರಿಕೆ, ನಿದ್ರಾಭಂಗಗಳು ಸಾಮಾನ್ಯವಾಗಿ 8,000 ಅಡಿಗಳ ಮೇಲೆ ಪ್ರಾರಂಭವಾಗುತ್ತವೆ. ಎಂದ ಮೇಲೆ, ಕುದುರೆಮುಖವನ್ನು ನೂರು ಸಲ ಹತ್ತಿದವನೂ ಈ ವಿಷಯದಲ್ಲಿ ಎಳಸನೇ. ತರುಣನೆಂದು, ವ್ಯಾಯಾಮಪಟುವೆಂದು ಅದು ಯಾರನ್ನೂ ಬಿಡುವುದಿಲ್ಲ. 10,000 ಅಡಿಗಳನ್ನು ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವು ದಿನಕ್ಕೆ 1,600 ಅಡಿಗಳಿಗಿಂತ ಹೆಚ್ಚಕೂಡದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ತಲೆನೋವು ಹೆಚ್ಚುತ್ತ ಹೋದರೆ, ನಡಿಗೆ ತೂರಾಡಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ, ಬೆಳಗಾಗಲೆಂದು ಕಾಯದೆ ಕೆಳಗಿಳಿಸತಕ್ಕದ್ದು. ಇಷ್ಟು ದಿನಗಳ ರಜೆ ಸಿಕ್ಕದೆಂದು ಏಳು ದಿನದ ದಾರಿಯನ್ನು ನಾಲ್ಕು ದಿನಕ್ಕೆ ಹಿಸುಕುವವರೂ, ಹಾಗೆ ಹಿಸುಕಿ ಮಾರುವವರೂ ಇದ್ದಾರೆ. ಹಿಮಾಲಯವನ್ನು ಕಾಣಬೇಕೆಂಬ ಉತ್ಸಾಹಿಗಳು 1965ರಲ್ಲಿ ಉತ್ತರಕಾಶಿಯಲ್ಲಿ ಸ್ಥಾಪಿತವಾದ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ಶಿಕ್ಷಣ ಪಡೆಯುವುದು ಲೇಸು. ನಮ್ಮಲ್ಲಿಯೇ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯೊಂದಿರುವುದನ್ನು ಎಷ್ಟು ಮಂದಿ ಪೋಷಕರು ಬಲ್ಲರೋ ತಿಳಿಯದು.

ಬೆಟ್ಟವು ಯಾರೂ ಇಲ್ಲದ ಬಯಲೆಂಬ ಭಾವನೆಯೂ ಹೋಗಬೇಕು. ಶಿವರಾಮ ಕಾರಂತರ 1943ರ ‘ಬೆಟ್ಟದ ಜೀವ’ವನ್ನು ಓದಿದವರು, ಕುಮಾರಪರ್ವತದ ಆ ತಪ್ಪಲಿನಲ್ಲಿ ತೋಟ ಗದ್ದೆಗಳನ್ನು ಮಾಡಿ ಬಾಳುವುದು ಎಂಥ ಕೆಲಸವೆಂಬುದನ್ನು ಬಲ್ಲರು. ಅಂಥ ಮನೆಗಳ ಅಂಗಳದ ಮುಂದೆ ನಡುರಾತ್ರಿಯಲ್ಲಿ ಕೂಗಾಡುತ್ತ ಹೋಗುವುದೂ, ಅವರು ಕುಡಿಯುವ ತೊರೆಯ ಪಕ್ಕದಲ್ಲಿಯೇ ಹೊರಕಡೆಗೆ ಕೂರುವುದೂ ಯಾವ ಸಂಸ್ಕಾರ? ನೀರಿನಿಂದ ಇನ್ನೂರು ಅಡಿ ದೂರ ಹೋಗಿ, ಗೇಣುದ್ದ ಗುಣಿ ತೋಡಿ, ಮುಚ್ಚಿ ಬರುವುದು ಬೆಕ್ಕಿಗೂ ತಿಳಿದ ಮರ್ಯಾದೆ. ಬೇಸಗೆಯಲ್ಲಿ ಬೆಂಕಿಯನ್ನಂತೂ ಮಾಡಲೇಕೂಡದು. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲು ಒಂದು ಬೀಡಿಯ ತುಂಡಿಗೆ ಸಾಕು. ತಂದ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಹೊತ್ತುಬರಲು ಬಲವಿಲ್ಲದವನು ತುಂಬಿದ ಬಾಟಲಿಯನ್ನು ಮೇಲಕ್ಕೆ ಹೊತ್ತ ಬಲವು ಎಲ್ಲಿ ಹೋಯಿತೆಂದು ಕೇಳಬೇಕಾಗುತ್ತದೆ.

ಇನ್ನು ಅಧಿಕಾರಿವರ್ಗದವರಲ್ಲಿ ನಮ್ಮ ಕೆಲವು ವಿಜ್ಞಾಪನೆಗಳಿವೆ. ಅನುಮತಿಯ ಶುಲ್ಕವನ್ನು ತೆಗೆದುಕೊಂಡ ಮೇಲೆ ದಾರಿಯ ಜವಾಬ್ದಾರಿಯೂ ತೆಗೆದುಕೊಂಡವರದೇ. ಒಂದೊಂದು ಕಿಲೋಮೀಟರಿಗೂ ಅಂಕೆ ಬರೆದ ಕಲ್ಲೊಂದಿರಲಿ. ಬಿದ್ದವನು 112ಕ್ಕೆ ಕರೆಮಾಡಿದಾಗ ತಾನೆಲ್ಲಿದ್ದೇನೆಂದು ಹೇಳಲು ಅದರಿಂದ ಸಾಧ್ಯವಾದೀತು. ಫೋನಿನ ಸಂಕೇತ ಎಲ್ಲಿ ಸಿಕ್ಕುತ್ತದೆ, ಎಲ್ಲಿ ಸಿಕ್ಕುವುದಿಲ್ಲವೆಂಬುದನ್ನು ಬುಡದ ಫಲಕದಲ್ಲಿ ಬರೆಯಲಿ. ಮೊದಲ ಸಲ ಬರುವವರಿಗೆ, ದಾರಿಯ ಏರು ಎಷ್ಟು, ಎಷ್ಟು ಗಂಟೆಗೆ ತಿರುಗಬೇಕು ಎಂಬುದನ್ನು ಚೀಟಿಯ ಹಿಂಬದಿಯಲ್ಲಿಯೇ ಕನ್ನಡದಲ್ಲಿ ಅಚ್ಚುಮಾಡಿಸಲಿ. ಮಾರ್ಗದರ್ಶಿಗಳನ್ನು ತಪ್ಪಲಿನ ಊರುಗಳ ತರುಣರಿಂದಲೇ ಆರಿಸಿ, ಪ್ರಥಮಚಿಕಿತ್ಸೆಯನ್ನು ಕಲಿಸಿ, ದಿನಗೂಲಿಯನ್ನು ಗೊತ್ತುಮಾಡಿ, ಅದು ಮಧ್ಯಸ್ಥರ ಜೇಬಿಗೆ ಹೋಗದಂತೆ ನೋಡಿಕೊಳ್ಳಲಿ. ಒಬ್ಬ ಮಾರ್ಗದರ್ಶಿಯ ಕೈಕೆಳಗೆ ಹದಿನೈದು ಜನಕ್ಕಿಂತ ಹೆಚ್ಚು ಇರುವುದು ಕ್ಷೇಮವಲ್ಲವೆಂದು ನಮ್ಮ ಅಭಿಪ್ರಾಯ. ಹಣ ಪಡೆದು ಜನರನ್ನು ಕರೆದೊಯ್ಯುವ ಸಂಸ್ಥೆಗಳು ತಮ್ಮ ನಾಯಕರು ಎಲ್ಲಿ ಶಿಕ್ಷಣ ಪಡೆದವರೆಂಬುದನ್ನು ಬಹಿರಂಗವಾಗಿ ತಿಳಿಸಲೇಬೇಕೆಂಬ ನಿಯಮವೂ ಬರಲಿ.

ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿಯೊಂದು ಅಪಘಾತದ ವಿಚಾರಣೆಯ ವರದಿಯನ್ನೂ ಜನರು ಓದುವಂತೆ ಪ್ರಕಟಿಸಲಿ. ಯಾರನ್ನೋ ದಂಡಿಸುವುದಕ್ಕಾಗಿಯೇ ಎಂದಲ್ಲ. ಎಷ್ಟು ಗಂಟೆಗೆ ಹೊರಟರು, ಹವಾಮಾನದ ಸೂಚನೆ ಏನಿತ್ತು, ತಿರುಗಬಹುದಾಗಿದ್ದ ಸ್ಥಳ ಯಾವುದು, ಮೈಮೇಲೆ ಏನಿತ್ತು, ನೆರವು ಬರಲು ಎಷ್ಟು ಹೊತ್ತಾಯಿತು ಎಂಬ ವಿವರಗಳು ಮುಂದಿನ ತಂಡದ ಕೈಗೆ ಸಿಕ್ಕಬೇಕು. ಈ ವರ್ಷದ ಚೀಟಿಗಳನ್ನು ಕೊಡಲು ತೊಡಗುವ ಮುನ್ನವೇ ಅರಣ್ಯ ಇಲಾಖೆಯವರು ತಮ್ಮಲ್ಲಿರುವಂಥ ವರದಿಗಳನ್ನು ಅದೇ ಜಾಲತಾಣದ ಮೊದಲ ಪುಟದಲ್ಲಿ, ಹಣ ಕಟ್ಟುವ ಗುಂಡಿಗಿಂತ ಮೇಲೆ, ಹಾಕುವರೆಂದು ನಂಬಿದ್ದೇವೆ.